ಎಣ್ಣೆ-ನೀರು ಕೂಡಿಸುವ ವಿದ್ಯೆ

ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದಿದ್ದರೆ ಅವರದು ಎಣ್ಣೆ-ಸೀಗೆಕಾಯಿ ಸಂಬಂಧ ಎನ್ನುತ್ತಾರೆ. ಮಾತು ಚೆನ್ನಾಗಿದೆ, ಆದರೆ ಸೀಗೆಕಾಯಿಗೆ ಅನ್ಯಾಯವಾಗಿದೆ. ತಲೆಗೆ ತಟ್ಟಿದ ಎಣ್ಣೆ ಬರೀ ನೀರಿಗೆ ಜಪ್ಪಯ್ಯ ಎಂದರೂ ಬಿಡುವುದಿಲ್ಲ. ಸೀಗೆಕಾಯಿ ಒಂದು ಕೈಯಲ್ಲಿ ಎಣ್ಣೆ, ಇನ್ನೊಂದು ಕೈಯಲ್ಲಿ ನೀರು ಹಿಡಿದು ಎರಡನ್ನೂ ಕೂಡಿಸುತ್ತದೆ. ಕೂಡಿದ್ದರಿಂದಲೇ ಎಣ್ಣೆ ನೀರಿನೊಡನೆ ಹೋಗುತ್ತದೆ. ಜಗಳ ಹಚ್ಚುವುದು ಅದರ ಕೆಲಸವಲ್ಲ, ರಾಜಿ ಮಾಡಿಸುವುದು.

ಮಕ್ಕಳು ಸ್ಯಾಂಡ್‌ವಿಚ್ಚಿಗೆ, ಮೊಮೊಗೆ, ಬರ್ಗರಿಗೆ ಹಚ್ಚಿಕೊಂಡು ತಿನ್ನುವ ಬಿಳಿಯ ಮಯೋನೈಸ್‌ನ ಒಳಗುಟ್ಟೂ ಇದೇ. ಅದರಲ್ಲಿ ಮುಕ್ಕಾಲು ಪಾಲಿನಷ್ಟು ಎಣ್ಣೆಯೇ ಇರುತ್ತದೆ. ಉಳಿದದ್ದು ನಿಂಬೆರಸ ಅಥವಾ ವಿನೆಗರ್ ಮತ್ತು ಮೊಟ್ಟೆಯ ಹಳದಿ. ಹಳದಿಯಲ್ಲಿರುವ ಲೆಸಿಥಿನ್ ಎಂಬ ವಸ್ತು ಎಣ್ಣೆಯ ಒಂದೊಂದು ಸಣ್ಣ ಹನಿಯನ್ನೂ ಸುತ್ತುವರಿದು, ಹನಿಹನಿ ಕೂಡಿ ಮತ್ತೆ ಎಣ್ಣೆಯಾಗದಂತೆ ತಡೆಯುತ್ತದೆ. ಮಜ್ಜಿಗೆ ಕಡೆದು ಬೆಣ್ಣೆ ತೆಗೆಯುವುದು ಜಿಡ್ಡನ್ನು ನೀರಿನಿಂದ ಬೇರೆ ಮಾಡುವ ವಿದ್ಯೆ. ಮಯೋನೈಸ್ ಮಾಡುವುದು ಅದರ ತಿರುವು ಮುರುವು. ಕಡಗೋಲಿನ ಮರ್ಮ ಗೊತ್ತಿದ್ದ ಕೈಗೆ ಇದು ಹೊಸತೇನೂ ಅಲ್ಲ.

ಹುಬ್ಬಳ್ಳಿ-ಧಾರವಾಡಗಳ ನಡುವೆ ಇರುವ ನವನಗರದಲ್ಲಿ ಈಗ ಎರಡೂ ಊರಿನ ರುಚಿಗಳು ಸೇರುತ್ತವೆ. ಸಂಜೆ ಚಿಗರಿ ಬಸ್ಸಿಳಿದು ಮನೆಗೆ ಬರುವ ಮಕ್ಕಳಿಗೆ ಗಿರಮಿಟ್ಟೂ ಬೇಕು, ಮಯೋನೈಸೂ ಬೇಕು. ತಕರಾರು ಏಳುವುದು ಅಡುಗೆಮನೆಯಲ್ಲಿ. ಬಾಟಲಿ ಕೈಗೆ ಸಿಕ್ಕ ಕೂಡಲೇ ಹಿರಿಯರ ಮೊದಲ ಪ್ರಶ್ನೆ, “ಇದರಾಗ ತತ್ತಿ ಐತೇನು?” ಮೊಮ್ಮಗಳ ಉತ್ತರ ಸಿದ್ಧ: “ಇಲ್ಲ ಅಜ್ಜಿ, ಹಸರು ಚುಕ್ಕಿ ಐತಿ ನೋಡ.” ಹಾಗಾದರೆ ಮನೆಯಲ್ಲೇ ಏಕೆ ಮಾಡಬಾರದು ಎಂಬುದು ಅಜ್ಜಿಯ ಎರಡನೆಯ ಪ್ರಶ್ನೆ. ಅದಕ್ಕೆ ಮೊಮ್ಮಗಳ ಬಳಿ ಉತ್ತರವಿರುವುದಿಲ್ಲ.

ತತ್ತಿಯ ಪ್ರಶ್ನೆ ಮಡಿ-ಮೈಲಿಗೆಯ ಮಾತಾಗಿಯೇ ಉಳಿದಿಲ್ಲ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಮಯೋನೈಸ್ ಬೇಯಿಸುವ ಪದಾರ್ಥವಲ್ಲವಾದ್ದರಿಂದ ಅದು ಸಾಯದೆ ಉಳಿದು, ಬೆಚ್ಚಗಿನ ಹವೆಯಲ್ಲಿ ಗಂಟೆಗಟ್ಟಲೆ ಇಟ್ಟರೆ ಬೆಳೆಯುತ್ತದೆ. ಕೇರಳದಲ್ಲಿ 2023ರ ಜನವರಿಯಲ್ಲಿ ಹಸಿ ಮೊಟ್ಟೆಯ ಮಯೋನೈಸ್‌ಗೆ ತಡೆ ಬಿತ್ತು. ಹೈದರಾಬಾದಿನಲ್ಲಿ 2024ರ ಅಕ್ಟೋಬರಿನಲ್ಲಿ ಮೊಮೊ ತಿಂದ ಮಹಿಳೆಯೊಬ್ಬರು ತೀರಿಕೊಂಡು ಹಲವರು ಆಸ್ಪತ್ರೆ ಸೇರಿದ ಮೇಲೆ, ತೆಲಂಗಾಣ ಸರಕಾರ ಅದನ್ನು ಒಂದು ವರ್ಷದ ಮಟ್ಟಿಗೆ ನಿಷೇಧಿಸಿತು. ತಮಿಳುನಾಡು 2025ರ ಏಪ್ರಿಲಿನಲ್ಲಿ ಅದೇ ದಾರಿ ಹಿಡಿಯಿತು. ಎಳೆಯ ಮಕ್ಕಳು, ಬಸುರಿಯರು, ವಯಸ್ಸಾದವರು ಇರುವ ಮನೆಯಲ್ಲಿ ಹಸಿ ಮೊಟ್ಟೆಯ ಸಹವಾಸ ಬೇಡವೇ ಬೇಡ.

ಹಾಗೆಂದು ಬಾಟಲಿಗೇ ಜೋತು ಬೀಳಬೇಕಿಲ್ಲ. ರಾಜಿ ಮಾಡಿಸುವ ಕೆಲಸವನ್ನು ಹಾಲೂ ಮಾಡುತ್ತದೆ. ಹಾಲಿನ ಪ್ರೋಟೀನು ಎಣ್ಣೆಯ ಹನಿಗಳನ್ನು ಸುತ್ತುವರಿಯುತ್ತದೆ, ನಿಂಬೆಯ ಹುಳಿ ಬಿದ್ದ ಕೂಡಲೇ ಮತ್ತಷ್ಟು ಬಿಗಿಯಾಗುತ್ತದೆ. ಅಳತೆ ಸುಲಭ: ಹಾಲು ಒಂದು ಪಾಲು, ಎಣ್ಣೆ ಎರಡು ಪಾಲು.

ಕಾಯಿಸಿ ಆರಿಸಿ ಫ್ರಿಜ್ಜಿನಲ್ಲಿಟ್ಟ ತಣ್ಣನೆಯ ಹಾಲು ಅರ್ಧ ಬಟ್ಟಲು ತೆಗೆದುಕೊಂಡು ಮಿಕ್ಸರಿನ ಸಣ್ಣ ಜಾರಿಗೆ ಹಾಕಬೇಕು. ಅರ್ಧ ಚಮಚ ಸಾಸಿವೆ ಪುಡಿ, ಅರ್ಧ ಚಮಚ ಸಕ್ಕರೆ, ರುಚಿಗೆ ಉಪ್ಪು ಸೇರಿಸಬೇಕು. ಸಾಸಿವೆ ಖಾರಕ್ಕಷ್ಟೇ ಅಲ್ಲ, ಅದರ ಲೋಳೆ ಅಂಶ ಎಣ್ಣೆ-ನೀರನ್ನು ಕೂಡಿಸಲು ನೆರವಾಗುತ್ತದೆ. ಮಿಕ್ಸರ್ ತಿರುಗುತ್ತಿರುವಾಗಲೇ ಮುಚ್ಚಳದ ಕಿಂಡಿಯಿಂದ ಒಂದು ಬಟ್ಟಲು ಎಣ್ಣೆಯನ್ನು ದಾರದಷ್ಟು ತೆಳುವಾಗಿ ಇಳಿಸಬೇಕು. ಕಿಂಡಿ ಇಲ್ಲದಿದ್ದರೆ ಒಂದೊಂದೇ ಚಮಚ ಹಾಕಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಬಹುದು. ಗಟ್ಟಿಯಾಗುತ್ತ ಬಂದಾಗ ಎರಡು-ಮೂರು ಚಮಚ ನಿಂಬೆರಸ ಹಾಕಿ ಒಂದು ಸುತ್ತು ತಿರುಗಿಸಿದರೆ ಮುಗಿಯಿತು. ಕಡ್ಡಿಯಂಥ ಹ್ಯಾಂಡ್ ಬ್ಲೆಂಡರ್ ಇದ್ದವರಿಗೆ ಕೆಲಸ ಇನ್ನೂ ಹಗುರ. ಉದ್ದನೆಯ ಲೋಟದಲ್ಲಿ ಹಾಲು, ಮೇಲೆ ಎಣ್ಣೆ ಹಾಕಿ ಬ್ಲೆಂಡರನ್ನು ತಳಕ್ಕೆ ಒತ್ತಿ ಹಿಡಿದು, ಬಿಳುಪು ಏರಿದಂತೆ ನಿಧಾನ ಮೇಲೆತ್ತಿದರೆ ಸಾಕು.

ಎಣ್ಣೆ ಯಾವುದು ಎಂಬುದೂ ಮುಖ್ಯ. ಗಾಣದ ಶೇಂಗಾ ಎಣ್ಣೆ ಒಗ್ಗರಣೆಗೆ ಒಳ್ಳೆಯದು, ಇಲ್ಲಿ ಅದರ ವಾಸನೆಯೇ ಮೇಲಾಗುತ್ತದೆ. ಮೇಲಾಗಿ ಶೇಂಗಾ ಎಣ್ಣೆ ಫ್ರಿಜ್ಜಿನ ತಂಪಿಗೆ ಹೆಪ್ಪುಗಟ್ಟುವುದರಿಂದ ಮಾಡಿಟ್ಟದ್ದು ಒಡೆಯುತ್ತದೆ. ಕುಸುಬಿ ಎಣ್ಣೆಗೆ ಈ ದೋಷವಿಲ್ಲ, ತಂಪಿನಲ್ಲೂ ತಿಳಿಯಾಗಿಯೇ ಇರುತ್ತದೆ. ಧಾರವಾಡ ಸೀಮೆಯ ಕರಿಮಣ್ಣಿನ ಬೆಳೆ ಅದು, ಅಣ್ಣಿಗೇರಿಯ ಹೆಸರನ್ನೇ ಹೊತ್ತ ಕುಸುಬಿ ತಳಿಯೂ ಇದೆ. ಅದು ಸಿಗದಿದ್ದರೆ ಸೂರ್ಯಕಾಂತಿ ಎಣ್ಣೆ ಆದೀತು.

ಕೆಲವೊಮ್ಮೆ ಎಷ್ಟು ತಿರುಗಿಸಿದರೂ ಒಡೆದ ಹಾಲಿನಂತೆ ಎಣ್ಣೆ ಬೇರೆ, ನೀರು ಬೇರೆ ಆಗುತ್ತದೆ. ಆತುರದಿಂದ ಎಣ್ಣೆ ಸುರಿದದ್ದು ಅಥವಾ ಮಿಕ್ಸರ್ ಕಾವೇರಿದ್ದು ಇದಕ್ಕೆ ಕಾರಣ. ಅದನ್ನು ಚೆಲ್ಲಬೇಕಿಲ್ಲ. ತೊಳೆದ ಜಾರಿಗೆ ಎರಡು ಚಮಚ ತಣ್ಣನೆಯ ಹೊಸ ಹಾಲು ಹಾಕಿ, ಕೆಟ್ಟದ್ದನ್ನೇ ಎಣ್ಣೆ ಎಂದು ತಿಳಿದು ತುಸುತುಸುವೇ ಸೇರಿಸುತ್ತ ಹೋದರೆ ಮತ್ತೆ ಕೂಡಿಕೊಳ್ಳುತ್ತದೆ.

ಮೊಟ್ಟೆ ತಿನ್ನುವ ಮನೆಯವರು ಹಳದಿಯನ್ನು ಹಸಿಯಾಗಿ ಬಳಸದೆ, ಎರಡು ಹಳದಿಗೆ ಎರಡು ಚಮಚ ನೀರು, ಎರಡು ಚಮಚ ನಿಂಬೆರಸ ಕೂಡಿಸಿ ಸಣ್ಣ ಉರಿಯ ಮೇಲೆ ಬಿಡದೆ ಕೈಯಾಡಿಸಬೇಕು. ಚಮಚಕ್ಕೆ ಅಂಟುವಷ್ಟು ಮಂದವಾಗಿ ಒಂದೆರಡು ಗುಳ್ಳೆ ಎದ್ದ ಕೂಡಲೇ ಇಳಿಸಿ ತಣಿಸಿ, ಆಮೇಲೆ ಎಣ್ಣೆ ಹಾಕಬೇಕು. ಅಡುಗೆಯ ಉಷ್ಣಮಾಪಕ ಇದ್ದರೆ 71 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ದನ್ನು ನೋಡಿ ಇಳಿಸುವುದು ಮೇಲು.

ಅಂಗಡಿಯ ಬಾಟಲಿಯಲ್ಲಿ ಕೆಡದಂತೆ ತಡೆಯುವ ಹುಳಿಯೂ ಔಷಧಿಯೂ ಅಳತೆಯಂತೆ ಇರುತ್ತವೆ. ಮನೆಯದರಲ್ಲಿ ಇಲ್ಲ. ಆದ್ದರಿಂದ ಒಣಗಿದ ಗಾಜಿನ ಶೀಸೆಯಲ್ಲಿ ಫ್ರಿಜ್ಜಿನಲ್ಲಿಟ್ಟು ಎರಡು-ಮೂರು ದಿನದಲ್ಲಿ ಮುಗಿಸಬೇಕು. ಹೊರಗೆ ಎರಡು ತಾಸಿಗಿಂತ ಹೆಚ್ಚು ಇಡಬಾರದು, ಏಪ್ರಿಲ್-ಮೇ ಬಿಸಿಲಿನಲ್ಲಿ ಒಂದು ತಾಸೇ ಮಿತಿ. ಕರೆಂಟು ಹೋಗಿ ಬಹಳ ಹೊತ್ತಾಗಿದ್ದರೆ ಉಳಿದದ್ದನ್ನು ಚೆಲ್ಲುವುದೇ ಲೇಸು. ಮುಂಜಾನೆ ಕಟ್ಟಿದ ಡಬ್ಬಿ ಮಧ್ಯಾಹ್ನ ತೆರೆಯುವ ಮಕ್ಕಳ ಊಟಕ್ಕಂತೂ ಇದನ್ನು ಹಾಕಲೇಬಾರದು. ಎಷ್ಟೇ ಹಟ ಮಾಡಿದರೂ ಈ ಒಂದು ಮಾತಿನಲ್ಲಿ ತಾಯಿ ಸೋಲಬಾರದು.

ಮನೆಯಲ್ಲಿ ಮಾಡಿದ್ದು ಎಂದ ಮಾತ್ರಕ್ಕೆ ಅದು ಹಗುರವಲ್ಲ ಎಂಬುದೂ ನೆನಪಿರಲಿ. ಒಂದು ದೊಡ್ಡ ಚಮಚದಲ್ಲಿ ಸುಮಾರು 90 ಕ್ಯಾಲೊರಿ ಇದೆ. ಅರ್ಧಕ್ಕೆ ಅರ್ಧ ಕಟ್ಟಿದ ಗಟ್ಟಿ ಮೊಸರು ಬೆರೆಸಿದರೆ ಎಣ್ಣೆ ಕಡಿಮೆಯಾಗುತ್ತದೆ, ರುಚಿ ಕೆಡುವುದಿಲ್ಲ. ಬ್ರೆಡ್ಡಿಗೇ ಹಚ್ಚಬೇಕೆಂಬ ಕಟ್ಟಳೆಯೂ ಇಲ್ಲ. ಜೋಳದ ರೊಟ್ಟಿಯ ಬದಿಗಿರುವ ಸೌತೆಕಾಯಿ, ಗಜ್ಜರಿ, ಮೂಲಂಗಿಯನ್ನು ಇದಕ್ಕೆ ಅದ್ದಿ ಕೊಟ್ಟರೆ, ಹಸಿ ತರಕಾರಿ ಕಂಡರೆ ಮುಖ ತಿರುಗಿಸುವ ಮಕ್ಕಳೂ ತಿನ್ನುತ್ತಾರೆ. ಮೇಲೆ ಚಿಟಿಕೆ ಶೇಂಗಾ ಚಟ್ನಿಪುಡಿ ಉದುರಿಸಿದರೆ ಅಜ್ಜಿಯೂ ಒಂದು ಹೋಳು ಕೇಳಿಯಾರು.