ಗೇರಿರುವ ಕಾರೋ, ಗೇರಿಲ್ಲದ ಕಾರೋ?

ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆ ಎಂದೊಡನೆ ಈಗ ಜನರಿಗೆ ನೆನಪಾಗುವುದು ಕೈಗಾರಿಕಾ ಪ್ರದೇಶ. ಪಾಳಿ ಬದಲಾಗುವ ಹೊತ್ತಿಗೆ ಲಾರಿ, ಕಂಪನಿ ಬಸ್ಸು, ಬೈಕುಗಳ ನಡುವೆ ಕಾರುಗಳೂ ಸಾಲುಗಟ್ಟುತ್ತವೆ. ಅವುಗಳಲ್ಲಿ ಹತ್ತು-ಹನ್ನೆರಡು ವರ್ಷ ಓಡಿದವೂ ಇರುತ್ತವೆ. ಅಂಥ ಕಾರಿರುವ ಮನೆಯಲ್ಲಿ ಮಗನಿಗೋ ಮಗಳಿಗೋ ಹದಿನೆಂಟು ತುಂಬಿತೆಂದರೆ ಚರ್ಚೆ ಶುರುವಾಗುತ್ತದೆ. ‘ಹಳೇದನ್ನು ಮಾರಿ ಗೇರಿಲ್ಲದ ಕಾರು ತಗೊಳ್ಳೋಣಪ್ಪ’ ಎಂದು ಮಕ್ಕಳು. ‘ಗೇರು ಹಾಕಿ ಓಡಿಸಿದರೇನೇ ಡ್ರೈವಿಂಗು’ ಎಂದು ಅಪ್ಪ. ‘ಯಾವುದಾದರೂ ತಗೊಳ್ಳಿ, ಮೊದಲು ಹಳೇದಕ್ಕೆ ಎಷ್ಟು ಬರುತ್ತೆ ಕೇಳಿ’ ಎಂದು ಅಮ್ಮ.

ಮೂವರ ಮಾತಿನಲ್ಲೂ ನ್ಯಾಯವಿದೆ. ಆದರೆ ತೀರ್ಮಾನಕ್ಕೆ ಮುನ್ನ ಎರಡು ಸಂಗತಿ ತಿಳಿದಿರಬೇಕು. ಒಂದು, ಗೇರಿಲ್ಲದ ಕಾರು ಎನ್ನುವುದು ಬರಿಯ ರೂಢಿಯ ಮಾತು; ಗೇರು ಕೈಗೆ ಸಿಗದಿದ್ದರೂ ಒಳಗೆ ಇದ್ದೇ ಇರುತ್ತದೆ. ಇನ್ನೊಂದು, ಕಾರು ಮನೆ ಮುಂದಿನಿಂದ ಹೋದ ಮಾತ್ರಕ್ಕೆ ಅದು ಮಾರಾಟವಾದಂತಲ್ಲ. ಈ ಎರಡನೆಯದನ್ನು ಮರೆತರೆ ಮನೆಯೇ ಸಾಲಕ್ಕೆ ಬೀಳಬಹುದು.

ಗೇರು ಏಕೆ ಬೇಕು?

ಒಂದು ಸಣ್ಣ ಲೆಕ್ಕ ಮಾಡೋಣ. ಸಣ್ಣ ಕಾರಿನ ಚಕ್ರ ಒಂದು ಸುತ್ತು ತಿರುಗಿದರೆ ಕಾರು ಸುಮಾರು 1.8 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 36 ಕಿ.ಮೀ. ವೇಗವೆಂದರೆ ನಿಮಿಷಕ್ಕೆ 600 ಮೀಟರ್. ಆಗ ಚಕ್ರ ನಿಮಿಷಕ್ಕೆ ಸುಮಾರು 333 ಸುತ್ತು ತಿರುಗಬೇಕು. ಎಂಜಿನ್ ಆರು ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುವಂತೆ ಹಲ್ಲುಚಕ್ರಗಳನ್ನು ಜೋಡಿಸಿದ್ದರೆ, ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತದೆ. ಅದು ಎಂಜಿನ್ನಿಗೆ ಹಿತವಾದ ವೇಗ.

ಈಗ ಅದೇ ಕಾರು ಕೆ.ಆರ್. ಪುರದ ತೂಗುಸೇತುವೆಯ ಬಳಿ ವಾಹನಗಳ ನಡುವೆ ಸಿಕ್ಕಿ ಗಂಟೆಗೆ 9 ಕಿ.ಮೀ. ವೇಗದಲ್ಲಿ ತೆವಳುತ್ತಿದೆ ಎಂದಿಟ್ಟುಕೊಳ್ಳಿ. ಚಕ್ರಕ್ಕೆ ನಿಮಿಷಕ್ಕೆ 83 ಸುತ್ತು. ಜೋಡಣೆ ಹಾಗೆಯೇ ಇದ್ದರೆ ಎಂಜಿನ್ನಿಗೆ 500 ಸುತ್ತು ಮಾತ್ರ. ಆದರೆ ಸಾಮಾನ್ಯ ಪೆಟ್ರೋಲ್ ಎಂಜಿನ್ ಸುಮಾರು 700-800 ಸುತ್ತಿಗಿಂತ ಕೆಳಗಿಳಿದರೆ ಗೊರಗುಟ್ಟಿ ನಿಂತುಬಿಡುತ್ತದೆ. ಆದ್ದರಿಂದ ಮೊದಲನೇ ಗೇರು ಬೇಕು. ಅಲ್ಲಿ ಎಂಜಿನ್ ಸುಮಾರು 14 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ. 83ನ್ನು 14ರಿಂದ ಗುಣಿಸಿ: ಎಂಜಿನ್ ನಿಮಿಷಕ್ಕೆ 1160 ಸುತ್ತಿನ ಆಸುಪಾಸಿನಲ್ಲಿ ಸುಖವಾಗಿ ತಿರುಗುತ್ತದೆ.

ಇದರಲ್ಲಿ ಇನ್ನೊಂದು ಲಾಭವಿದೆ. ವೇಗ 14 ಪಾಲು ಕಡಿಮೆಯಾದರೆ, ಘರ್ಷಣೆಯ ನಷ್ಟ ಬಿಟ್ಟು, ಚಕ್ರವನ್ನು ತಿರುಗಿಸುವ ಬಲ ಅಷ್ಟೇ ಪಾಲು ಹೆಚ್ಚುತ್ತದೆ. ಪ್ರೌಢಶಾಲೆಯಲ್ಲಿ ಓದುವ ಸನ್ನೆಯ ತತ್ತ್ವವೇ ಇದು. ಬಲ ಬೇಕೆಂದರೆ ವೇಗ ಬಿಡಬೇಕು, ವೇಗ ಬೇಕೆಂದರೆ ಬಲ ಬಿಡಬೇಕು. ಶಕ್ತಿಯ ಲೆಕ್ಕದಲ್ಲಿ ಪುಕ್ಕಟೆ ಏನೂ ಸಿಗದು.

ಕಾರು ಯಾವುದೇ ಇರಲಿ, ಈ ಕೆಲಸ ನಡೆಯಲೇಬೇಕು. ಚಾಲಕ ಎಡಗಾಲಿನಿಂದ ಕ್ಲಚ್ ಒತ್ತಿ, ಎಡಗೈಯಿಂದ ಗೇರು ಬದಲಿಸಿದರೆ ಅದು ಮ್ಯಾನ್ಯುಯಲ್. ಯಂತ್ರವೇ ಬದಲಿಸಿಕೊಂಡರೆ ಆಟೊಮ್ಯಾಟಿಕ್.

ಒಳಗೆ ನಡೆಯುವುದೇನು?

ಆಟೊಮ್ಯಾಟಿಕ್‌ನಲ್ಲಿ ಹಲವು ಬಗೆಗಳಿವೆ. ಹಳೆಯದು ಎಣ್ಣೆಯ ಮೂಲಕ ಬಲ ಸಾಗಿಸುವ ಬಗೆ. ಎರಡು ಫ್ಯಾನುಗಳನ್ನು ಎದುರುಬದುರಾಗಿಟ್ಟು ಒಂದನ್ನು ಮಾತ್ರ ಹಾಕಿದರೆ, ಅದರ ಗಾಳಿಗೆ ಇನ್ನೊಂದೂ ನಿಧಾನವಾಗಿ ತಿರುಗುತ್ತದೆ. ಇಲ್ಲಿ ಗಾಳಿಯ ಬದಲು ಎಣ್ಣೆ. ಅಮೆರಿಕದ ಓಲ್ಡ್ಸ್‌ಮೊಬೈಲ್ ಕಾರುಗಳಿಗೆ 1939ರಲ್ಲಿ ಬಂದ ‘ಹೈಡ್ರಾಮ್ಯಾಟಿಕ್’ ಗೇರುಪೆಟ್ಟಿಗೆ ಇಂಥ ಎಣ್ಣೆಯ ಜೋಡಣೆಯದೇ. ಮುಂದೆ ಕಾರುಗಳಲ್ಲಿ ಆ ಜಾಗವನ್ನು ಟಾರ್ಕ್ ಕನ್ವರ್ಟರ್ ಹಿಡಿಯಿತು. ಓಟ ನಯ, ಬಾಳಿಕೆಯೂ ಹೆಚ್ಚು. ಆದರೆ ಎಣ್ಣೆ ಜಾರುವಾಗ ಒಂದಿಷ್ಟು ಶಕ್ತಿ ಶಾಖವಾಗಿ ಹೋಗುತ್ತದೆ. ಈಗಿನವುಗಳಲ್ಲಿ ವೇಗ ಹಿಡಿದ ಮೇಲೆ ಎರಡೂ ಭಾಗಗಳನ್ನು ಕಚ್ಚಿಸಿ ಆ ನಷ್ಟವನ್ನು ತಪ್ಪಿಸುತ್ತಾರೆ.

ಎರಡನೆಯದು ಎ.ಎಂ.ಟಿ. ಇದರ ಗೇರುಪೆಟ್ಟಿಗೆ ಮ್ಯಾನ್ಯುಯಲ್‌ನದೇ, ಕ್ಲಚ್ಚೂ ಅದೇ. ಕ್ಲಚ್ ಒತ್ತುವ, ಗೇರು ಹಾಕುವ ಕೆಲಸವನ್ನು ಮಾತ್ರ ಕಂಪ್ಯೂಟರಿನ ಹತೋಟಿಯಲ್ಲಿರುವ ಯಂತ್ರ ಮಾಡುತ್ತದೆ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಇದು ಭಾರತದ ಸಣ್ಣ ಕಾರುಗಳಿಗೆ ಬಂತು. ಬೆಲೆ ಕಡಿಮೆ, ಪೆಟ್ರೋಲ್ ಖರ್ಚು ಹೆಚ್ಚುಕಡಿಮೆ ಮ್ಯಾನ್ಯುಯಲ್‌ನಷ್ಟೇ. ಗೇರು ಬದಲಾಗುವಾಗ ಸಣ್ಣದೊಂದು ಜಗ್ಗು ಇರುತ್ತದೆ.

ಮೂರನೆಯದು ಸಿ.ವಿ.ಟಿ. ಇದರಲ್ಲಿ ಎರಡು ರಾಟೆ, ನಡುವೆ ಬೆಲ್ಟು. ರಾಟೆಯ ಎರಡು ಹೋಳುಗಳು ಹತ್ತಿರ-ದೂರ ಸರಿದಂತೆ ಬೆಲ್ಟು ರಾಟೆಯ ಮೇಲೆ ಸುತ್ತುವ ವೃತ್ತದ ಅಳತೆ ಬದಲಾಗಿ, ಮೆಟ್ಟಿಲಿಲ್ಲದ ಇಳಿಜಾರಿನಂತೆ ಅನುಪಾತ ಬದಲಾಗುತ್ತದೆ. ಮನೆಯಲ್ಲಿ ಗೇರಿಲ್ಲದ ಸ್ಕೂಟರ್ ಇದ್ದರೆ ಅದರ ತತ್ತ್ವವೂ ಇದೇ. ನಾಲ್ಕನೆಯದು ಎರಡು ಕ್ಲಚ್ಚಿನದು. ಒಂದರ ಪಾಲಿಗೆ ಬೆಸ ಸಂಖ್ಯೆಯ ಗೇರು, ಇನ್ನೊಂದರ ಪಾಲಿಗೆ ಸಮ ಸಂಖ್ಯೆಯವು. ಬದಲಾವಣೆ ಬಲು ಚುರುಕು, ಬೆಲೆಯೂ ರಿಪೇರಿಯೂ ದುಬಾರಿ. ಬೆಂಗಳೂರಿನಲ್ಲೇ ತಯಾರಾಗಿ 2001ರಲ್ಲಿ ರಸ್ತೆಗಿಳಿದ ‘ರೇವಾ’ದಂಥ ವಿದ್ಯುತ್ ಕಾರಿಗೆ ಗೇರು ಬದಲಿಸುವ ಗೊಡವೆಯೇ ಇಲ್ಲ. ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಪೂರ್ಣ ಬಲ ಕೊಡುವುದರಿಂದ ಒಂದೇ ಸ್ಥಿರ ಅನುಪಾತದ ಹಲ್ಲುಚಕ್ರ ಸಾಕು.

ಯಾರಿಗೆ ಯಾವುದು?

ಹೊಸಕೋಟೆಯ ಬಳಿ ವೋಲ್ವೊ ಕಂಪನಿ 1998ರಲ್ಲಿ ಟ್ರಕ್ ತಯಾರಿಸತೊಡಗಿತು. ಅದೇ ಕಂಪನಿಯ ನಗರ ಬಸ್ಸುಗಳನ್ನು ಬಿ.ಎಂ.ಟಿ.ಸಿ. 2006ರಲ್ಲಿ ಓಡಿಸಲು ಆರಂಭಿಸಿದಾಗ ಅವುಗಳಲ್ಲಿ ಕ್ಲಚ್ ಪೆಡಲ್ ಇರಲಿಲ್ಲ. ದಿನವಿಡೀ ನಿಂತು ಹೊರಡುವ ಬಸ್ಸಿನ ಚಾಲಕನ ಎಡಗಾಲಿಗೆ ಅದು ದೊಡ್ಡ ಬಿಡುವು. ಮನೆಯ ಕಾರಿಗೂ ಇದೇ ಅಳತೆಗೋಲು: ಕಾರು ಎಷ್ಟು ಸಲ ನಿಂತು ಹೊರಡುತ್ತದೆ?

ಪಿಲ್ಲಗುಂಪೆಯಿಂದ ದಿನವೂ ಟಿನ್ ಫ್ಯಾಕ್ಟರಿ ದಾಟಿ ನಗರದೊಳಕ್ಕೆ ಹೋಗುವವರಿಗೆ, ಮಂಡಿನೋವಿರುವವರಿಗೆ ಆಟೊಮ್ಯಾಟಿಕ್ ವರವೇ ಸರಿ. ಕೋಲಾರದ ಕಡೆ ನೆಟ್ಟನೆ ಹೆದ್ದಾರಿಯಲ್ಲಿ ಹೋಗುವವರಿಗೆ, ವಾರಕ್ಕೊಮ್ಮೆ ಊರಿಗೆ ಹೋಗಿಬರುವವರಿಗೆ ಮ್ಯಾನ್ಯುಯಲ್ ಸಾಕು. ಎ.ಎಂ.ಟಿ.ಗೇ ಸುಮಾರು ಅರ್ಧ ಲಕ್ಷ ರೂಪಾಯಿ ಹೆಚ್ಚು ಕೊಡಬೇಕಾಗುತ್ತದೆ, ಉಳಿದವುಗಳಿಗೆ ಇನ್ನೂ ಹೆಚ್ಚು. ಬ್ಯಾಟರಿ ಸತ್ತರೆ ಮ್ಯಾನ್ಯುಯಲ್ ಕಾರನ್ನು ತಳ್ಳಿ ಚಾಲೂ ಮಾಡಬಹುದು. ಆಟೊಮ್ಯಾಟಿಕ್‌ನಲ್ಲಿ ಆ ಆಸೆ ಬೇಡ.

ಆಟೊಮ್ಯಾಟಿಕ್ ಕೊಂಡವರು ಮೂರು ಅಭ್ಯಾಸ ಮಾಡಿಕೊಳ್ಳಬೇಕು. ಎರಡೂ ಪೆಡಲುಗಳಿಗೆ ಬಲಗಾಲೊಂದೇ. ಎಡಗಾಲಿಗೆ ಅಲ್ಲಿ ಕೆಲಸವಿಲ್ಲ. ಗೇರು ‘ಡಿ’ಯಲ್ಲಿದ್ದಾಗ ಬ್ರೇಕ್ ಬಿಟ್ಟರೆ ಹಲವು ಕಾರುಗಳು ತಾವಾಗಿಯೇ ತೆವಳುತ್ತವೆ, ಆದ್ದರಿಂದ ಇಳಿಯುವ ಮುನ್ನ ಹ್ಯಾಂಡ್‌ಬ್ರೇಕ್ ಮರೆಯಬಾರದು. ಇನ್ನು ನಂದಿಬೆಟ್ಟದಂಥ 1,478 ಮೀಟರ್ ಎತ್ತರದಿಂದ ಇಳಿಯುವಾಗ ‘ಡಿ’ಯಲ್ಲೇ ಬಿಟ್ಟರೆ ಮೇಲಿನ ಗೇರು ಬಿದ್ದು, ಬ್ರೇಕುಗಳು ಕಾದು ಹಿಡಿತ ಕಳೆದುಕೊಳ್ಳಬಹುದು. ಕೆಳಗಿನ ಗೇರಿಗೆ ತಂದರೆ ಎಂಜಿನ್ನೇ ಕಾರನ್ನು ತಡೆದು ಹಿಡಿಯುತ್ತದೆ.

ಹದಿನೆಂಟು ತುಂಬಿದ ಮಕ್ಕಳು ಮಾತ್ರ ಮ್ಯಾನ್ಯುಯಲ್‌ನಲ್ಲೇ ಕಲಿಯುವುದು ಒಳ್ಳೆಯದು. ಅದನ್ನು ಕಲಿತವರಿಗೆ ಆಟೊಮ್ಯಾಟಿಕ್ ಅರ್ಧ ದಿನದ ಪಾಠ. ಆಟೊಮ್ಯಾಟಿಕ್ ಮಾತ್ರ ಬಲ್ಲವರು ಮ್ಯಾನ್ಯುಯಲ್ ಎದುರಿಗೆ ಬಂದಾಗ ಮೊದಲಿನಿಂದ ಶುರು ಮಾಡಬೇಕು. ಹಳೇ ಕಾರನ್ನು ಮಾರುವ ಮುನ್ನ ಅದರಲ್ಲೇ ಕಲಿಸಿದರೆ ಖರ್ಚೂ ಉಳಿಯಿತು.

ಮಾರಾಟ ಮುಗಿಯುವುದು ಯಾವಾಗ?

ಈಗ ಅಮ್ಮನ ಪ್ರಶ್ನೆ. ದರವನ್ನು ಮೂರು ಕಡೆ ಕೇಳಬೇಕು: ಹೊಸ ಕಾರಿನ ಷೋರೂಂ, ಹಳೇ ಕಾರಿನ ವ್ಯಾಪಾರಿ, ನೇರವಾಗಿ ಕೊಳ್ಳುವವರು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ನಂತರ ಐದೈದು ವರ್ಷಕ್ಕೆ ನವೀಕರಿಸಬೇಕಾದ್ದರಿಂದ ಕೊಳ್ಳುವವರು ಉಳಿದ ವರ್ಷಗಳನ್ನು ಎಣಿಸಿಯೇ ಬೆಲೆ ಕಟ್ಟುತ್ತಾರೆ. ಕ್ಲಚ್ಚನ್ನೂ ನೋಡುತ್ತಾರೆ. ಹ್ಯಾಂಡ್‌ಬ್ರೇಕ್ ಹಾಕಿ, ಮೂರನೇ ಗೇರಿನಲ್ಲಿ ಕ್ಲಚ್ಚನ್ನು ಮೆಲ್ಲಗೆ ಬಿಟ್ಟರೆ ಎಂಜಿನ್ ನಿಂತುಹೋಗಬೇಕು. ನಿಲ್ಲದೆ ಗುರ್ ಎನ್ನುತ್ತಲೇ ಇದ್ದರೆ ಕ್ಲಚ್ ಸವೆದು ಜಾರುತ್ತಿದೆ ಎಂದರ್ಥ. ಮಾರುವವರು ಇದನ್ನು ಮೊದಲೇ ತಿಳಿದಿದ್ದರೆ ಚೌಕಾಸಿಯಲ್ಲಿ ಪೆಚ್ಚಾಗಬೇಕಿಲ್ಲ.

ದರ ಕುದುರಿ, ಹಣ ಎಣಿಸಿ, ಕೀಲಿ ಕೊಟ್ಟು ಕೈಮುಗಿದರೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಅಪಾಯ ಇರುವುದು ಇಲ್ಲಿಯೇ. 2018ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಒಂದು ಮೊಕದ್ದಮೆಯನ್ನು ತೀರ್ಮಾನಿಸಿತು. ಕಾರೊಂದು ಕೈಯಿಂದ ಕೈಗೆ ಹಲವು ಸಲ ಮಾರಾಟವಾಗಿತ್ತು. ಆರ್.ಟಿ.ಒ. ದಾಖಲೆಯಲ್ಲಿ ಮಾತ್ರ ಮೊದಲ ಮಾಲೀಕನ ಹೆಸರೇ ಉಳಿದಿತ್ತು. 2009ರಲ್ಲಿ ಆ ಕಾರಿನಿಂದ ಅಪಘಾತವಾಯಿತು. ಪರಿಹಾರ ಕೊಡಬೇಕಾದವರು ಯಾರು? ದಾಖಲೆಯಲ್ಲಿ ಹೆಸರಿರುವವನೇ ಕಾನೂನಿನ ಕಣ್ಣಿಗೆ ಮಾಲೀಕ, ಹೊಣೆ ಅವನದೇ ಎಂದಿತು ನ್ಯಾಯಾಲಯ. ನೊಂದವರು ಪರಿಹಾರಕ್ಕಾಗಿ ಒಬ್ಬ ಖರೀದಿದಾರನಿಂದ ಇನ್ನೊಬ್ಬನ ಬೆನ್ನಟ್ಟಿ ಅಲೆಯುವಂತಾಗಬಾರದು ಎಂಬುದು ಅದರ ಕಾರಣ. ಯೋಚಿಸಿದರೆ ಅದು ಸರಿಯಾದ ಕಾರಣವೇ. ಆದರೆ ಕಾರು ಮಾರಿ ಮರೆತವನ ಪಾಲಿಗೆ ‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಎಂಬಂತಾಗುತ್ತದೆ.

ತಪ್ಪಿಸಿಕೊಳ್ಳುವ ದಾರಿ ಕಷ್ಟದ್ದಲ್ಲ. ಮಾರಾಟವನ್ನು ಆರ್.ಟಿ.ಒ.ಗೆ ತಿಳಿಸುವುದು ಫಾರಂ 29, ಹೆಸರು ಬದಲಾವಣೆಗೆ ಅರ್ಜಿ ಫಾರಂ 30. 1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನ ಪ್ರಕಾರ, ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ ತಿಳಿಸಬೇಕು. ಕೊಂಡವರು 30 ದಿನದೊಳಗೆ ವರದಿ ಮಾಡಬೇಕು. ಹೊಸೂರಿನವರಿಗೋ ಆಂಧ್ರದವರಿಗೋ ಮಾರುವುದಾದರೆ ಫಾರಂ 28ರ ನಿರಾಕ್ಷೇಪಣಾ ಪತ್ರವೂ ಬೇಕು. ಕಾರಿನ ಸಾಲ ತೀರಿದ್ದರೆ ಬ್ಯಾಂಕಿನ ಪತ್ರ ಮತ್ತು ಫಾರಂ 35 ಕೊಟ್ಟು ಆರ್.ಸಿ.ಯಿಂದ ಬ್ಯಾಂಕಿನ ಹೆಸರು ತೆಗೆಸಬೇಕು. ನೋಂದಾಯಿತ ವ್ಯಾಪಾರಿಗೆ ಮಾರಿದರೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಕಾರು ಒಪ್ಪಿಸಿದ್ದನ್ನು ಆರ್.ಟಿ.ಒ.ಗೆ ಆನ್‌ಲೈನಿನಲ್ಲಿ ತಿಳಿಸಿದ ಮೇಲೆ ಹೊಣೆ ವ್ಯಾಪಾರಿಯದಾಗುತ್ತದೆ. ಆ ರಸೀತಿ ಪಡೆಯದೆ ಕೀಲಿ ಕೊಡಬಾರದು.

ಫಾಸ್ಟ್ಯಾಗ್ ರದ್ದು ಮಾಡಿಸುವುದನ್ನು ಮರೆಯಬಾರದು; ಇಲ್ಲವಾದರೆ ಬೇರೆಯವರ ಟೋಲ್ ಹಣ ನಿಮ್ಮ ಖಾತೆಯಿಂದ ಹೋಗುತ್ತದೆ. ವಿಮೆಯಲ್ಲಿ ಕ್ಲೇಮು ಮಾಡದೆ ಗಳಿಸಿದ ರಿಯಾಯಿತಿ ಶೇ. 50ರವರೆಗೂ ಇರಬಹುದು. ಅದು ಸೇರುವುದು ಮಾಲೀಕನಿಗೆ, ಕಾರಿಗಲ್ಲ. ಕಂಪನಿಯಿಂದ ಪತ್ರ ಪಡೆದರೆ ಹೊಸ ಕಾರಿನ ವಿಮೆಗೆ ಒದಗುತ್ತದೆ. ಎಷ್ಟೋ ಮನೆಗಳಲ್ಲಿ ಇದನ್ನು ಕೇಳುವುದೇ ಇಲ್ಲ.

ಈ ಭಾನುವಾರದ ಕೆಲಸ

ಮಕ್ಕಳಿಗೆ: ಮನೆಯ ಸೈಕಲ್ಲಿನ ಪೆಡಲಿನ ಹಲ್ಲುಚಕ್ರದಲ್ಲೂ ಹಿಂಬದಿಯ ಹಲ್ಲುಚಕ್ರದಲ್ಲೂ ಎಷ್ಟೆಷ್ಟು ಹಲ್ಲುಗಳಿವೆ ಎಣಿಸಿ. 44 ಮತ್ತು 18 ಇದ್ದರೆ ಪೆಡಲ್ ಒಂದು ಸುತ್ತಿಗೆ ಚಕ್ರ ಸುಮಾರು ಎರಡೂವರೆ ಸುತ್ತು. ಪೆಡಲನ್ನು ಒಂದು ಸುತ್ತು ತಿರುಗಿಸಿ, ಚಕ್ರಕ್ಕೆ ಸೀಮೆಸುಣ್ಣದ ಗುರುತು ಹಾಕಿ ಪರೀಕ್ಷಿಸಿ. ಕಾರಿನ ಮೊದಲ ಗೇರಿನಲ್ಲಿ ಇದು ತಿರುವುಮುರುವು ಏಕೆಂದು ಯೋಚಿಸಿ.

ದೊಡ್ಡವರಿಗೆ: ಒಂದು ವಾರ ಕಾರು ಎಲ್ಲೆಲ್ಲಿ ಓಡಿತು, ಎಷ್ಟು ಹೊತ್ತು ನಿಂತು ಹೊರಟಿತು ಎಂದು ಬರೆದಿಡಿ, ಗೇರಿನ ಪ್ರಶ್ನೆಗೆ ಉತ್ತರ ಅದರಲ್ಲೇ ಸಿಗುತ್ತದೆ. ಹಿಂದೆ ಕಾರನ್ನೋ ಸ್ಕೂಟರನ್ನೋ ಮಾರಿದ್ದರೆ ಅದರ ನಂಬರನ್ನು ಸರ್ಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ. ಅದು ಇನ್ನೂ ನಿಮ್ಮ ಖಾತೆಯಲ್ಲೇ ಇದೆಯೆಂದು ಕಂಡರೆ ಸೋಮವಾರ ಬೆಳಿಗ್ಗೆ ಮೊದಲ ಕೆಲಸ ಆರ್.ಟಿ.ಒ. ಕಚೇರಿಯದು.