ಕೈ ತೊಳೆದ ನೀರಿನ ಸಾಕ್ಷ್ಯ

ಕರ್ನಾಟಕ ಲೋಕಾಯುಕ್ತದ ಪೊಲೀಸ್ ವಿಭಾಗ ಜನರ ಕಣ್ಣಿಗೆ ಬೀಳುವುದು ಬಹುಮಟ್ಟಿಗೆ ಪತ್ರಿಕೆಯ ಜಿಲ್ಲಾ ಪುಟದ ಸಣ್ಣ ಸುದ್ದಿಯಲ್ಲಿ. ಪೋಡಿ ಮಾಡಿಕೊಡಲು, ಖಾತೆ ಬದಲಿಸಲು ಅಥವಾ ಗುತ್ತಿಗೆದಾರನ ಬಿಲ್ ಪಾಸು ಮಾಡಲು ಹಣ ಕೇಳಿದ ನೌಕರನೊಬ್ಬ ಬಲೆಗೆ ಬಿದ್ದನೆಂಬ ನಾಲ್ಕು ಸಾಲು, ಜೊತೆಗೆ ಮೇಜಿನ ಮೇಲೆ ಹರಡಿದ ನೋಟುಗಳ ಚಿತ್ರ. ಸುದ್ದಿ ಅಲ್ಲಿಗೆ ಮುಗಿದರೂ ತನಿಖೆಯೆಂಬ ನಿಜವಾದ ಕೆಲಸ ಬಹುತೇಕ ಅಲ್ಲಿಂದಲೇ ಮೊದಲಾಗುತ್ತದೆ. ಆ ಕೆಲಸ ಸದ್ದಿಲ್ಲದ್ದು, ಕಾಗದಪತ್ರಗಳದ್ದು, ವರ್ಷಗಟ್ಟಲೆ ಎಳೆಯುವಂಥದ್ದು. ಅದನ್ನು ಅರಿಯದೆ ಬಿದ್ದ ಬಲೆಗಳ ಲೆಕ್ಕವೊಂದನ್ನೇ ಹಿಡಿದು ಈ ಸಂಸ್ಥೆಯನ್ನು ಅಳೆದರೆ ಹೊಗಳಿಕೆಯೂ ತೆಗಳಿಕೆಯೂ ಗುರಿ ತಪ್ಪುತ್ತವೆ.

ಲೋಕಾಯುಕ್ತದ ಕಲ್ಪನೆ 1966ರಷ್ಟು ಹಳೆಯದು. ಮೊರಾರ್ಜಿ ದೇಸಾಯಿಯವರ ಅಧ್ಯಕ್ಷತೆಯ ಮೊದಲ ಆಡಳಿತ ಸುಧಾರಣಾ ಆಯೋಗವು ಆ ವರ್ಷ ನೀಡಿದ ಮಧ್ಯಂತರ ವರದಿಯಲ್ಲಿ ಕೇಂದ್ರಕ್ಕೆ ಲೋಕಪಾಲ, ರಾಜ್ಯಗಳಿಗೆ ಲೋಕಾಯುಕ್ತ ಬೇಕೆಂದು ಶಿಫಾರಸು ಮಾಡಿತು. ಲೋಕಪಾಲ ಕಾಯ್ದೆ 2013ರವರೆಗೆ ಕಾಯಬೇಕಾಯಿತು; ಕರ್ನಾಟಕವಾದರೋ ರಾಮಕೃಷ್ಣ ಹೆಗಡೆಯವರ ಸರ್ಕಾರದ ಕಾಲದಲ್ಲಿ 1984ರ ಕಾಯ್ದೆಯನ್ನು ರೂಪಿಸಿ, 1986ರಲ್ಲಿ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಡಿ. ಕೋಶಲ್ ಅವರನ್ನು ಮೊದಲ ಲೋಕಾಯುಕ್ತರನ್ನಾಗಿ ನೇಮಿಸಿತು. ಈ ಸಂಸ್ಥೆಯಲ್ಲಿ ಎರಡು ಬಗೆಯ ಕೆಲಸಗಳು ಒಂದೇ ಸೂರಿನಡಿ ನಡೆಯುತ್ತವೆಂಬುದನ್ನು ಗಮನಿಸಬೇಕು. 1984ರ ಕಾಯ್ದೆಯಡಿ ಲೋಕಾಯುಕ್ತರು ಮತ್ತು ಉಪಲೋಕಾಯುಕ್ತರು ದುರಾಡಳಿತದ ದೂರುಗಳನ್ನು, ಅಂದರೆ ಅನ್ಯಾಯದ, ವಿಳಂಬದ, ಪಕ್ಷಪಾತದ ಆಡಳಿತ ಕ್ರಮಗಳ ವಿರುದ್ಧದ ದೂರುಗಳನ್ನು ವಿಚಾರಿಸಿ ಸರ್ಕಾರಕ್ಕೆ ವರದಿ ಕೊಡುತ್ತಾರೆ. ಇಲ್ಲಿ ಅವರ ಅಧಿಕಾರ ಶಿಫಾರಸಿನ ಮಟ್ಟದ್ದು. ಕೇಂದ್ರದ 1988ರ ಭ್ರಷ್ಟಾಚಾರ ತಡೆ ಕಾಯ್ದೆಯಡಿ ಎಫ್‌ಐಆರ್ ದಾಖಲಿಸಿ, ಶೋಧ ನಡೆಸಿ, ಬಂಧಿಸಿ, ದೋಷಾರೋಪ ಪಟ್ಟಿ ಸಲ್ಲಿಸುವುದು ಪೊಲೀಸ್ ವಿಭಾಗದ ಕೆಲಸ.

ಲಂಚದ ಬಲೆ ಎಂಬುದರ ವಿಧಾನವನ್ನು ಹತ್ತಿರದಿಂದ ನೋಡಿದರೆ ಅದು ಒಂದು ಸಣ್ಣ ಪ್ರಯೋಗಶಾಲೆಯ ಕ್ರಮದಂತಿರುತ್ತದೆ. ದೂರುದಾರ ತಂದ ನೋಟುಗಳ ಸಂಖ್ಯೆಗಳನ್ನು ಮೊದಲು ಬರೆದುಕೊಳ್ಳಲಾಗುತ್ತದೆ; ಬಳಿಕ ಅವುಗಳಿಗೆ ಫಿನಾಫ್ತಲೀನ್ ಎಂಬ ಬಿಳಿಯ ಪುಡಿಯನ್ನು ತೆಳುವಾಗಿ ಸವರಲಾಗುತ್ತದೆ. 1871ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಅಡಾಲ್ಫ್ ಬೇಯರ್ ಮೊದಲು ತಯಾರಿಸಿದ, ಬಹುಕಾಲ ಭೇದಿಯ ಮಾತ್ರೆಯಾಗಿಯೂ ಬಳಕೆಯಲ್ಲಿದ್ದ ಈ ವಸ್ತುವಿಗೆ ಒಂದು ಗುಣವಿದೆ: ಆಮ್ಲದಲ್ಲೂ ಬರಿಯ ನೀರಿನಲ್ಲೂ ಬಣ್ಣ ಕಾಣಿಸದ ಇದು ಕ್ಷಾರದ ಸಂಪರ್ಕವಾದೊಡನೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಗಾಜಿನ ಬಟ್ಟಲಲ್ಲಿ ಸೋಡಿಯಂ ಕಾರ್ಬೊನೇಟ್, ಅಂದರೆ ಬಟ್ಟೆ ಒಗೆಯುವ ಸೋಡಾ ಬೆರೆಸಿದ ನೀರನ್ನಿಟ್ಟುಕೊಂಡು, ಪುಡಿ ಮುಟ್ಟಿದ ಕೈಯನ್ನು ಅದರಲ್ಲಿ ಅದ್ದಿ ಬಣ್ಣ ಬದಲಾಗುವುದನ್ನು ಪಂಚರ ಎದುರು ತೋರಿಸಲಾಗುತ್ತದೆ. ಪಂಚರೆಂದರೆ ಘಟನೆಗೆ ಸಂಬಂಧವಿಲ್ಲದ, ಸಾಮಾನ್ಯವಾಗಿ ಬೇರೆ ಇಲಾಖೆಯಿಂದ ಕರೆಸಿಕೊಂಡ ಸಾಕ್ಷಿಗಳು. ಇಷ್ಟನ್ನೂ ಬರೆದಿಡುವ ದಾಖಲೆಗೆ ಪೂರ್ವ ಪಂಚನಾಮೆ ಎಂದು ಹೆಸರು. ಅನಂತರ ಒಬ್ಬ ಪಂಚ ದೂರುದಾರನ ನೆರಳಿನಂತೆ ಜೊತೆಯಲ್ಲಿ ಹೋಗುತ್ತಾನೆ. ಕೇಳದ ಹೊರತು ಹಣ ಕೊಡಕೂಡದೆಂದು ದೂರುದಾರನಿಗೆ ಮೊದಲೇ ತಿಳಿಹೇಳಿರುತ್ತಾರೆ. ಹಣ ಕೈಬದಲಾದ ಮೇಲೆ ಕರವಸ್ತ್ರದಿಂದ ಮುಖ ಒರೆಸಿಕೊಳ್ಳುವಂಥ ಒಂದು ಸನ್ನೆ, ತಂಡದ ಪ್ರವೇಶ, ಎರಡು ಕೈಗಳನ್ನೂ ಬೇರೆ ಬೇರೆ ಬಟ್ಟಲಲ್ಲಿ ತೊಳೆಸುವುದು, ಆ ನೀರನ್ನು ಬಾಟಲಿಗಳಿಗೆ ತುಂಬಿ ಅರಗಿನ ಮೊಹರು ಹಾಕುವುದು. ನೋಟು ಜೇಬಿಗೆ ಹೋಗಿದ್ದರೆ ಜೇಬಿನ ಬಟ್ಟೆಯನ್ನೂ ಹೀಗೆಯೇ ತೊಳೆಯಲಾಗುತ್ತದೆ. ಬಾಟಲಿಗಳು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತವೆ. ನೋಟುಗಳು ಮುದ್ದೆಮಾಲಾಗಿ, ಅಂದರೆ ಪ್ರಕರಣದ ಸಾಕ್ಷ್ಯವಸ್ತುವಾಗಿ ನ್ಯಾಯಾಲಯದ ಸುಪರ್ದಿಗೆ ಸೇರುತ್ತವೆ.

ಈ ಗುಲಾಬಿ ನೀರು ಹೇಳುವ ಸಂಗತಿ ಒಂದೇ: ಆ ಕೈ ಆ ನೋಟುಗಳನ್ನು ಮುಟ್ಟಿತ್ತು. ಕಾನೂನು ಕೇಳುವುದು ಅದಕ್ಕಿಂತ ಹೆಚ್ಚಿನದನ್ನು. ಭ್ರಷ್ಟಾಚಾರ ತಡೆ ಕಾಯ್ದೆಯ 7ನೇ ಕಲಮಿನಡಿ ಶಿಕ್ಷೆಯಾಗಬೇಕಾದರೆ ನೌಕರನು ಹಣಕ್ಕೆ ಬೇಡಿಕೆ ಇಟ್ಟಿದ್ದನೆಂಬುದು, ಅದನ್ನು ಲಂಚವೆಂದೇ ಸ್ವೀಕರಿಸಿದನೆಂಬುದು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ನೋಟು ವಶವಾದ ಮಾತ್ರಕ್ಕೆ ಅಪರಾಧ ಸಿದ್ಧವಾಗದೆಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ಇದು ಸರಿಯಾದ ಕಟ್ಟುನಿಟ್ಟು. ಹಗೆ ಸಾಧಿಸಲು ಯಾರದೋ ಮೇಜಿನ ಮೇಲೆ ನೋಟಿನ ಕಂತೆ ಇಟ್ಟುಬರುವುದು ಕಷ್ಟದ ಕೆಲಸವಲ್ಲ, ಮೂರರಿಂದ ಏಳು ವರ್ಷಗಳ ಸೆರೆವಾಸ ಸಣ್ಣ ಶಿಕ್ಷೆಯೂ ಅಲ್ಲ.

ಆದರೆ ಬೇಡಿಕೆಯನ್ನು ರುಜುವಾತುಪಡಿಸುವುದು ಎಷ್ಟು ಕಷ್ಟವೆಂಬುದಕ್ಕೆ ಕನ್ನಡ ಭಾಷೆಯ ಬಳಕೆಯೇ ಸಾಕ್ಷಿ. ಲಂಚ ಕೇಳುವವನ ಬಾಯಲ್ಲಿ ಲಂಚವೆಂಬ ಶಬ್ದ ಬರುವುದೇ ಇಲ್ಲ. ಸಂಬಳದ ಜೊತೆ ಪ್ರಾಸಕ್ಕೆಂದು ಹುಟ್ಟಿದ 'ಗಿಂಬಳ', ವಾಡಿಕೆಯದು ಎಂಬ ಮೂಲಾರ್ಥದಿಂದ ಹಕ್ಕಿನ ಬಾಬ್ತಿಗೆ ಏರಿದ 'ಮಾಮೂಲು', 'ಕಾಫಿ ಖರ್ಚು', 'ಕೈ ಬೆಚ್ಚಗೆ ಮಾಡುವುದು' ಮುಂತಾದ ಮಾತುಗಳು ಆ ಸ್ಥಾನವನ್ನು ತುಂಬುತ್ತವೆ. 'ಏನಾದ್ರೂ ನೋಡ್ಕೊಳ್ಳಿ', 'ಮೇಲಿನವರಿಗೂ ಕೊಡಬೇಕಲ್ಲ ಸ್ವಾಮಿ' ಎಂಬ ವಾಕ್ಯಗಳನ್ನು ತಾಲ್ಲೂಕು ಕಚೇರಿಯ ವರಾಂಡದಲ್ಲಿ ನಿಂತ ರೈತ ತಕ್ಷಣ ಅರ್ಥಮಾಡಿಕೊಳ್ಳುತ್ತಾನೆ. ವರ್ಷಗಳ ನಂತರ ನ್ಯಾಯಾಲಯದಲ್ಲಿ ಅದೇ ವಾಕ್ಯಕ್ಕೆ ಹತ್ತು ನಿರಪಾಯದ ಅರ್ಥಗಳನ್ನು ಹೇಳಬಹುದು. ಹನ್ನೆರಡನೆಯ ಶತಮಾನದ ಶರಣೆ ಸತ್ಯಕ್ಕ ಲಂಚಕ್ಕೆ ಕೈಯೊಡ್ಡದಿರುವುದನ್ನು ತನ್ನ ವಚನದಲ್ಲಿ ವ್ರತವಾಗಿ ಸ್ವೀಕರಿಸಿದಾಗ ಆ ಶಬ್ದವನ್ನು ನೇರವಾಗಿಯೇ ಬಳಸಿದಳು. ಅದನ್ನು ಬಿಟ್ಟುಬಿಡುವವರಿಗೆ ಅದರ ಹೆಸರು ಹೇಳಲು ಸಂಕೋಚವಿಲ್ಲ.

ಈ ಕಾರಣದಿಂದಲೇ ಲೋಕಾಯುಕ್ತ ಪೊಲೀಸರು ಬಲೆಗೆ ಮುನ್ನ ದೂರುದಾರನ ಕೈಗೆ ಧ್ವನಿಮುದ್ರಕವನ್ನು ಕೊಟ್ಟು ಕಳುಹಿಸುತ್ತಾರೆ. ಬೇಡಿಕೆಯ ಸಂಭಾಷಣೆ ಮೊದಲು ದಾಖಲಾಗಬೇಕು, ಅದರ ಬರಹರೂಪ ಪಂಚನಾಮೆಗೆ ಸೇರಬೇಕು, ಆರೋಪಿಯ ಧ್ವನಿಮಾದರಿ ಪ್ರಯೋಗಾಲಯಕ್ಕೆ ಹೋಗಿ ಹೋಲಿಕೆಯಾಗಬೇಕು, ವಿದ್ಯುನ್ಮಾನ ದಾಖಲೆಗೆ ಕಾನೂನು ಬೇಡುವ ಪ್ರಮಾಣಪತ್ರ ಜೊತೆಗಿರಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಶೋಧ ಮತ್ತು ಜಪ್ತಿಯನ್ನು ದೃಶ್ಯ-ಶ್ರವ್ಯ ರೂಪದಲ್ಲಿ ಚಿತ್ರೀಕರಿಸುವುದನ್ನು ಕಡ್ಡಾಯ ಮಾಡಿದೆ. ಇವುಗಳಲ್ಲಿ ಒಂದು ಕೊಂಡಿ ಕಳಚಿದರೂ ಗುಲಾಬಿ ನೀರು ಒಂಟಿಯಾಗಿ ಉಳಿಯುತ್ತದೆ.

ಬಟ್ಟಲಿಗೆ ಇನ್ನೊಂದು ಮಿತಿಯೂ ಇದೆ, ಅದು ಹೆಚ್ಚು ಗಂಭೀರವಾದದ್ದು. ನೋಟನ್ನು ಕೈಯಾರೆ ಇಸಿದುಕೊಳ್ಳುವವನು ಸಾಮಾನ್ಯವಾಗಿ ಆಡಳಿತದ ಕೆಳಗಿನ ಮೆಟ್ಟಿಲಿನವನು. ಗುತ್ತಿಗೆಯೊಂದನ್ನು ಯಾರಿಗೆ ಕೊಡಬೇಕು, ಅರಣ್ಯದ ಅಂಚಿನ ಭೂಮಿಯಲ್ಲಿ ಗಣಿಗೆ ಅನುಮತಿ ನೀಡಬೇಕೇ ಎಂದು ತೀರ್ಮಾನಿಸುವ ಎತ್ತರದಲ್ಲಿ ಹಣ ಬಿಳಿ ಪುಡಿ ಹಚ್ಚಿದ ನೋಟಿನ ರೂಪದಲ್ಲಿ ಚಲಿಸುವುದಿಲ್ಲ. ಅಲ್ಲಿ ಬೇಕಾದದ್ದು ಲೆಕ್ಕದ ತನಿಖೆ. ಅಂಥ ತನಿಖೆಗೆ ರಾಜ್ಯದಲ್ಲಿರುವ ದೊಡ್ಡ ಮಾದರಿ, ಆಗ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈ 27ರಂದು ಸಲ್ಲಿಸಿದ ಅಕ್ರಮ ಗಣಿಗಾರಿಕೆಯ ವರದಿ. ಅದು ಪೊಲೀಸ್ ಪ್ರಕರಣವಾಗಿರಲಿಲ್ಲ, 1984ರ ಕಾಯ್ದೆಯಡಿಯ ವಿಚಾರಣೆಯಾಗಿತ್ತು. ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡವು ಗಣಿ ಇಲಾಖೆಯ ಪರವಾನಗಿಗಳನ್ನು, ಸಾಗಣೆಯ ದಾಖಲೆಗಳನ್ನು, ಬಂದರುಗಳಿಂದ ಹಡಗೇರಿದ ಅದಿರಿನ ಪ್ರಮಾಣವನ್ನು ಒಂದಕ್ಕೊಂದು ತಾಳೆ ಹಾಕಿತು. ಪರವಾನಗಿ ಪಡೆದದ್ದಕ್ಕಿಂತ ರಫ್ತಾದ ಅದಿರು ಹೆಚ್ಚಾಗಿದ್ದರೆ ಉಳಿದದ್ದು ಎಲ್ಲಿಂದ ಬಂತು ಎಂಬ ಸರಳ ಪ್ರಶ್ನೆಯೇ ಆ ವರದಿಯ ಬೆನ್ನೆಲುಬು. 2006ರಿಂದ 2010ರವರೆಗೆ ರಾಜ್ಯಕ್ಕಾದ ನಷ್ಟವನ್ನು ಅದು 16,085 ಕೋಟಿ ರೂಪಾಯಿಯೆಂದು ಅಂದಾಜಿಸಿತು. ಅದೇ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿತು. 31ರಂದು ಅಂದಿನ ಮುಖ್ಯಮಂತ್ರಿ ರಾಜೀನಾಮೆ ನೀಡಿದರು. ಒಂದು ರಾಜ್ಯದ ವಿಚಾರಣಾ ಸಂಸ್ಥೆ ಬರಿಯ ಕಾಗದಗಳ ತಾಳೆಯಿಂದ ಇಷ್ಟನ್ನು ಹೊರಗೆಳೆದದ್ದು ಕರ್ನಾಟಕ ಹೆಮ್ಮೆಪಡಬೇಕಾದ ಸಾರ್ವಜನಿಕ ಕಾರ್ಯಗಳಲ್ಲೊಂದು.

ಈಗ ಪೊಲೀಸ್ ವಿಭಾಗಕ್ಕೆ ಅಂಥ ತನಿಖೆಯ ದಾರಿ ಕಿರಿದಾಗಿದೆ. 2018ರ ತಿದ್ದುಪಡಿಯಿಂದ ಭ್ರಷ್ಟಾಚಾರ ತಡೆ ಕಾಯ್ದೆಗೆ ಸೇರಿದ 17ಎ ಕಲಮಿನ ಪ್ರಕಾರ, ಅಧಿಕಾರಿಯೊಬ್ಬನು ತನ್ನ ಕರ್ತವ್ಯದಲ್ಲಿ ಕೈಗೊಂಡ ನಿರ್ಧಾರ ಅಥವಾ ಮಾಡಿದ ಶಿಫಾರಸಿನ ಬಗ್ಗೆ ಪೊಲೀಸರು ವಿಚಾರಣೆ ಆರಂಭಿಸಬೇಕಾದರೂ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಬೇಕು. ಲಂಚ ಪಡೆಯುತ್ತಿರುವಾಗ ಸ್ಥಳದಲ್ಲೇ ಹಿಡಿದರೆ ಈ ಅನುಮತಿ ಬೇಕಿಲ್ಲ. ಪ್ರಾಮಾಣಿಕ ಅಧಿಕಾರಿ ಅಂಜದೆ ನಿರ್ಧಾರ ಕೈಗೊಳ್ಳಲೆಂಬುದು ಇದರ ಹಿಂದಿನ ವಾದ, ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ಪರಿಣಾಮವನ್ನು ಮುಚ್ಚಿಡಲಾಗದು. ಗ್ರಾಮಮಟ್ಟದ ನೌಕರನ ಕೈಯನ್ನು ಇಂದೇ ತೊಳೆಸಬಹುದು, ಕಡತದ ಮೇಲಿನ ದೊಡ್ಡ ಸಹಿಯನ್ನು ಪ್ರಶ್ನಿಸಲು ಸರ್ಕಾರದ ಉತ್ತರಕ್ಕೆ ಕಾಯಬೇಕು. ತನಿಖೆ ಮುಗಿದ ಮೇಲೆ 19ನೇ ಕಲಮಿನಡಿ ಅಭಿಯೋಜನಾ ಮಂಜೂರಾತಿ, ಅಂದರೆ ಆರೋಪಿಯನ್ನು ನ್ಯಾಯಾಲಯದ ಕಟಕಟೆಗೆ ತರಲು ಅವನನ್ನು ಹುದ್ದೆಯಿಂದ ತೆಗೆಯುವ ಅಧಿಕಾರವುಳ್ಳ ಪ್ರಾಧಿಕಾರದ ಒಪ್ಪಿಗೆ, ಮತ್ತೊಮ್ಮೆ ಬೇಕು. ಅದಕ್ಕೆ ಮೂರು ತಿಂಗಳು, ಕಾನೂನು ಸಲಹೆಯ ಅಗತ್ಯವಿದ್ದರೆ ಇನ್ನೊಂದು ತಿಂಗಳು ಎಂದು ಕಾಯ್ದೆ ಗಡುವು ಹಾಕಿದೆ.

ತನಿಖಾಧಿಕಾರಿ ಯಾರಿಗೆ ಉತ್ತರದಾಯಿ ಎಂಬ ಪ್ರಶ್ನೆ ಇವೆಲ್ಲಕ್ಕಿಂತ ಮೂಲಭೂತವಾದದ್ದು. ರಾಜ್ಯ ಅದನ್ನು ಪ್ರತ್ಯಕ್ಷವಾಗಿ ಕಂಡಿದೆ. 2015ರಲ್ಲಿ ಸಂಸ್ಥೆಯ ಒಳಗಿನಿಂದಲೇ ಹಣ ವಸೂಲಿಯ ಆರೋಪ ಕೇಳಿಬಂದು, ಲೋಕಾಯುಕ್ತರು ವರ್ಷಾಂತ್ಯಕ್ಕೆ ರಾಜೀನಾಮೆ ನೀಡಿದರು. ಆ ಗಾಯ ಮಾಯುವ ಮುನ್ನವೇ, 2016ರ ಮಾರ್ಚ್‌ನಲ್ಲಿ ಸರ್ಕಾರವು ಭ್ರಷ್ಟಾಚಾರ ನಿಗ್ರಹ ದಳವನ್ನು, ಜನರ ಬಾಯಲ್ಲಿ ಎಸಿಬಿಯನ್ನು, ಆದೇಶವೊಂದರ ಮೂಲಕ ರಚಿಸಿತು. ಕಾನೂನಿನ ದೃಷ್ಟಿಯಲ್ಲಿ ಪೊಲೀಸ್ ಠಾಣೆ ಎಂದರೆ ಕಟ್ಟಡವಲ್ಲ, ಸರ್ಕಾರದ ಅಧಿಸೂಚನೆ. ಲೋಕಾಯುಕ್ತ ಪೊಲೀಸ್ ಕಚೇರಿಗಳನ್ನು ಠಾಣೆಗಳೆಂದು ಘೋಷಿಸಿದ್ದ ಅಧಿಸೂಚನೆಯನ್ನು ಹಿಂಪಡೆದೊಡನೆ ಅಲ್ಲಿನ ಪೊಲೀಸರು ಎಫ್‌ಐಆರ್ ದಾಖಲಿಸುವ ಅಧಿಕಾರವನ್ನು ಕಳೆದುಕೊಂಡರು. ಹೊಸ ದಳದ ಮೇಲಿನ ನಿಯಂತ್ರಣ ಮುಖ್ಯಮಂತ್ರಿಯವರದಾಯಿತು. ಬೆಂಗಳೂರು ವಕೀಲರ ಸಂಘ, ಸಮಾಜ ಪರಿವರ್ತನ ಸಮುದಾಯ ಮೊದಲಾದವು ಇದನ್ನು ಪ್ರಶ್ನಿಸಿದವು. 2022ರ ಆಗಸ್ಟ್ 11ರಂದು ನ್ಯಾಯಮೂರ್ತಿ ಬಿ. ವೀರಪ್ಪ ಮತ್ತು ನ್ಯಾಯಮೂರ್ತಿ ಕೆ.ಎಸ್. ಹೇಮಲೇಖಾ ಅವರಿದ್ದ ಹೈಕೋರ್ಟಿನ ವಿಭಾಗೀಯ ಪೀಠವು ಎಸಿಬಿಯ ರಚನೆಯನ್ನು ರದ್ದುಗೊಳಿಸಿ, ಲೋಕಾಯುಕ್ತ ಪೊಲೀಸರ ಅಧಿಕಾರವನ್ನು ಮರಳಿಸಿತು. ಶಾಸಕಾಂಗ ಕಾಯ್ದೆಯ ಮೂಲಕ ಕಟ್ಟಿದ ಸಂಸ್ಥೆಯ ಉದ್ದೇಶವನ್ನು ಒಂದು ಆಡಳಿತಾತ್ಮಕ ಆದೇಶ ಬರಿದುಮಾಡಬಹುದೆಂಬುದಕ್ಕೆ ಆ ಆರು ವರ್ಷಗಳು ನಿದರ್ಶನವಾಗಿ ಉಳಿದಿವೆ. ಲೋಕಾಯುಕ್ತದ ಪೊಲೀಸ್ ಅಧಿಕಾರಿಗಳು ಇಂದಿಗೂ ರಾಜ್ಯ ಪೊಲೀಸ್ ಇಲಾಖೆಯಿಂದ ಬಂದು, ಅವಧಿ ಮುಗಿದೊಡನೆ ಅದೇ ಇಲಾಖೆಗೆ ಮರಳುವವರು. ಅವರ ಮುಂದಿನ ಬಡ್ತಿ, ವರ್ಗಾವಣೆಗಳು ಅಲ್ಲಿಯೇ ನಿರ್ಧಾರವಾಗುತ್ತವೆ. ಈ ವಿಭಾಗಕ್ಕೆ ತನ್ನದೇ ಆದ ಸ್ಥಿರ ಸಿಬ್ಬಂದಿ ಬಲ ದೊರೆಯದ ಹೊರತು ಆ ತೀರ್ಪಿನ ಅರ್ಧ ಕೆಲಸ ಬಾಕಿಯೇ.

ಬಲೆಯ ಸುದ್ದಿಯಲ್ಲಿ ಎಲ್ಲರೂ ಮರೆಯುವ ವ್ಯಕ್ತಿ ದೂರುದಾರ. ಮುಂಚಿತವಾಗಿ ಪೊಲೀಸರಿಗೆ ತಿಳಿಸಿ ಹಣ ಕೊಟ್ಟವನನ್ನು ಭ್ರಷ್ಟಾಚಾರ ತಡೆ ಕಾಯ್ದೆಯ 8ನೇ ಕಲಮು ರಕ್ಷಿಸುತ್ತದೆ. ಬಲವಂತಕ್ಕೆ ಮಣಿದು ಕೊಟ್ಟವನೂ ಏಳು ದಿನಗಳೊಳಗೆ ದೂರಿತ್ತರೆ ಅಪರಾಧಿಯಾಗುವುದಿಲ್ಲ. ಆದರೆ ಅವನ ಜಮೀನಿನ ಪೋಡಿ ಆಗಬೇಕಾದದ್ದು ಅದೇ ಕಚೇರಿಯಲ್ಲಿ, ಬಂಧಿತನ ಸಹೋದ್ಯೋಗಿಗಳ ಕೈಯಲ್ಲಿ. ವಿಚಾರಣೆ ಎರಡು ವರ್ಷಗಳಲ್ಲಿ ಮುಗಿಯಬೇಕು, ವಿಸ್ತರಣೆಗಳೂ ಸೇರಿ ನಾಲ್ಕು ವರ್ಷ ಮೀರಬಾರದು ಎಂಬುದು ಕಾಯ್ದೆಯ ಆಶಯ; ವಾಸ್ತವದಲ್ಲಿ ಸಾಕ್ಷಿ ಕಟಕಟೆ ಹತ್ತುವ ಹೊತ್ತಿಗೆ ಅನೇಕ ವೇಳೆ ಅದಕ್ಕಿಂತ ಹೆಚ್ಚು ಕಾಲ ಸಂದಿರುತ್ತದೆ. ಕೆಲವರು ಪ್ರತಿಕೂಲ ಸಾಕ್ಷಿಗಳಾಗುತ್ತಾರೆ, ಅಂದರೆ ತಮ್ಮ ಹೇಳಿಕೆಯಿಂದ ತಾವೇ ಹಿಂದೆ ಸರಿಯುತ್ತಾರೆ. ಕೆಲವರು ತೀರಿಕೊಂಡಿರುತ್ತಾರೆ.

ತೀರಿಕೊಂಡರೆ ಬೇಡಿಕೆಯನ್ನು ಹೇಳುವವರು ಯಾರು ಎಂಬ ಪ್ರಶ್ನೆ ನೀರಜ್ ದತ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಮುಂದೆ ಬಂತು. 2000ನೇ ಇಸವಿಯಲ್ಲಿ ದೆಹಲಿಯ ಅಂಗಡಿಯೊಂದರ ವಿದ್ಯುತ್ ಮೀಟರಿಗಾಗಿ 10,000 ರೂಪಾಯಿ ಕೇಳಲಾಯಿತೆಂಬ ಆರೋಪದ ಆ ಪ್ರಕರಣದಲ್ಲಿ ದೂರುದಾರ ಸಾಕ್ಷ್ಯ ನುಡಿಯುವ ಮೊದಲೇ ಸತ್ತಿದ್ದ. ಐವರು ನ್ಯಾಯಮೂರ್ತಿಗಳ ಪರವಾಗಿ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು 2022ರ ಡಿಸೆಂಬರ್ 15ರಂದು ನೀಡಿದ ತೀರ್ಪಿನ ಪ್ರಕಾರ, ದೂರುದಾರ ಇಲ್ಲವಾದರೂ, ತಿರುಗಿಬಿದ್ದರೂ ಬೇಡಿಕೆ ಮತ್ತು ಸ್ವೀಕಾರವನ್ನು ಸಾಂದರ್ಭಿಕ ಸಾಕ್ಷ್ಯದಿಂದ ಸ್ಥಾಪಿಸಬಹುದು. ಮೂರು ತಿಂಗಳ ನಂತರ ಅದೇ ಪ್ರಕರಣ ಈ ತತ್ತ್ವದ ಬೆಳಕಿನಲ್ಲಿ ಮತ್ತೆ ವಿಚಾರಣೆಗೆ ಬಂದಾಗ, ಬೇಡಿಕೆಗೆ ಸಾಂದರ್ಭಿಕ ಸಾಕ್ಷ್ಯವೂ ಸಾಲದೆಂದು ಕಂಡು ನ್ಯಾಯಾಲಯವು ಆರೋಪಿಯನ್ನು ಖುಲಾಸೆ ಮಾಡಿತು. ಎಫ್‌ಐಆರ್‌ನಿಂದ ಅಲ್ಲಿಯವರೆಗೆ ಸುಮಾರು 23 ವರ್ಷ ಕಳೆದಿತ್ತು. ಕರ್ನಾಟಕದ ಯಾವುದೋ ತಾಲ್ಲೂಕಿನಲ್ಲಿ ಇಂದು ದೂರು ಕೊಡಲು ಬಂದವನ ಅಂಗಿಯ ಜೇಬಿಗೆ ಧ್ವನಿಮುದ್ರಕವನ್ನಿಟ್ಟು, ಅವರೇ ಬಾಯಿಬಿಟ್ಟು ಕೇಳುವವರೆಗೆ ನೋಟು ಹೊರಗೆ ತೆಗೆಯಬೇಡಿ ಎಂದು ಇನ್‌ಸ್ಪೆಕ್ಟರ್ ಎರಡೆರಡು ಬಾರಿ ಹೇಳಿ ಕಳುಹಿಸುವುದು ಈ ಕಾರಣಕ್ಕೆ.