ದೈತ್ಯಪ್ರಾಣಿಗಳ ಅಳಿವು: ಹವೆಯೋ, ಬೇಟೆಯೋ?

ಹಿಮಯುಗದ ಕೊನೆಯ ಭಾಗದಲ್ಲಿ, ಇಂದಿಗೆ ಹತ್ತು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ, ಉತ್ತರ ಅಮೆರಿಕದ ಬಯಲುಗಳಿಂದ ಮ್ಯಾಮತ್, ಮ್ಯಾಸ್ಟೊಡಾನ್, ಕೋರೆಹಲ್ಲಿನ ಬೆಕ್ಕು ಮೊದಲಾದ 30ಕ್ಕೂ ಹೆಚ್ಚು ಕುಲಗಳ ಬೃಹತ್ ಸಸ್ತನಿಗಳು ಕಣ್ಮರೆಯಾದವು. ಕಾರಣವೇನೆಂಬ ವಿವಾದ ಇನ್ನೂ ಮುಗಿದಿಲ್ಲ.

ಬೇಟೆಗಾರ ಮಾನವನೇ ಕಾರಣವೆಂದು 1960ರ ದಶಕದಿಂದ ಪ್ರಬಲವಾಗಿ ವಾದಿಸಿದವರು ಅಮೆರಿಕದ ವಿಜ್ಞಾನಿ ಪಾಲ್ ಮಾರ್ಟಿನ್. ಇದನ್ನು ಒಪ್ಪದವರು ಹವಾಮಾನದ ಏರುಪೇರಿನಿಂದ ಮೇವಿನ ನೆಲೆಗಳೇ ಬದಲಾದವೆನ್ನುತ್ತಾರೆ. ಮನುಷ್ಯ ಕೊಂದನೆಂದು ಖಚಿತವಾಗಿ ತೋರಿಸುವ ಮೂಳೆಗಳು ಸಿಕ್ಕಿರುವುದು ಕೆಲವೇ ತಾಣಗಳಲ್ಲಿ ಎಂಬುದು ಅವರ ಬಲವಾದ ಆಕ್ಷೇಪ.

ಆದರೆ ಇಂಥ ಏರುಪೇರು ಅದೇ ಮೊದಲಲ್ಲ. ಹಿಂದಿನ ಹಲವು ಶೀತ-ಉಷ್ಣ ಆವರ್ತಗಳನ್ನು ಈ ಪ್ರಾಣಿವರ್ಗಗಳು ದಾಟಿ ಬಂದಿದ್ದವು. ನ್ಯೂಜಿಲೆಂಡಿನ ಉದಾಹರಣೆ ಇನ್ನೂ ಸ್ಪಷ್ಟ. ಅಲ್ಲಿ ಹಿಮಯುಗ ಮುಗಿದು ಸಾವಿರಾರು ವರ್ಷಗಳಾದರೂ ಹಾರಲಾರದ ಮೋವಾ ಹಕ್ಕಿಗಳು ಬದುಕಿದ್ದವು. 13ನೆಯ ಶತಮಾನದ ಸುಮಾರಿಗೆ ಮನುಷ್ಯ ನೆಲೆಸಿದ ಮೇಲೆ ಎರಡು ಶತಮಾನಗಳೊಳಗೆ ಅವೆಲ್ಲವೂ ಅಳಿದವು. ಇನ್ನೊಂದೆಡೆ, ಸೈಬೀರಿಯಾದ ಉತ್ತರಕ್ಕಿರುವ ರಾಂಗೆಲ್ ದ್ವೀಪದಲ್ಲಿ ಮ್ಯಾಮತ್‌ಗಳ ಸಣ್ಣ ಸಮೂಹವೊಂದು ಸುಮಾರು 4,000 ವರ್ಷಗಳ ಹಿಂದಿನವರೆಗೂ ಉಳಿದಿತ್ತು. ಅವುಗಳನ್ನು ಬೇಟೆಯಾಡಿ ಮುಗಿಸಿದ್ದಕ್ಕೆ ಪುರಾವೆಯಿಲ್ಲ. ಆದುದರಿಂದ ಎಲ್ಲ ಅಳಿವಿಗೂ ಒಂದೇ ಕಾರಣವನ್ನು ಹೊರಿಸುವುದು ಸರಿಯಲ್ಲ.

ಈ ವಿವಾದದಲ್ಲಿ ಹೆಚ್ಚು ಗಮನಿಸಬೇಕಾದ ಸಂಗತಿ ಸಂತಾನದ ಲೆಕ್ಕ. ಇಂದಿನ ಆನೆಯನ್ನೇ ನೋಡಬಹುದು. ಅದರ ಗರ್ಭಾವಧಿ ಸುಮಾರು 22 ತಿಂಗಳು. ಸಾಮಾನ್ಯವಾಗಿ ಒಂದೇ ಮರಿ. ಮುಂದಿನ ಮರಿಗೆ ನಾಲ್ಕೈದು ವರ್ಷಗಳ ಅಂತರ. ಇಂಥ ಜೀವಿಯನ್ನು ಅಳಿಸಲು ಸಾಮೂಹಿಕ ಸಂಹಾರ ಬೇಕಿಲ್ಲ. ವರ್ಷವರ್ಷವೂ ಹುಟ್ಟಿಗಿಂತ ಸಾವು ತುಸು ಹೆಚ್ಚಾದರೆ ಸಾಕು, ಕೆಲವು ಶತಮಾನಗಳಲ್ಲಿ ಸಂತತಿ ಬರಿದಾಗುತ್ತದೆ. ಹಾಗೆ ನಿಧಾನವಾಗಿ ನಡೆದ ಬೇಟೆಯು ಮೂಳೆಗಳ ರಾಶಿಯನ್ನು ಬಿಟ್ಟುಹೋಗಬೇಕೆಂದೇನೂ ಇಲ್ಲ. ಹವೆಯು ನೆಲೆಯನ್ನು ಕುಗ್ಗಿಸಿದಾಗ, ಅಳಿದುಳಿದವುಗಳ ಮೇಲೆ ಬೇಟೆಯ ಪೆಟ್ಟು ಇನ್ನಷ್ಟು ಬಲವಾಗಿ ಬೀಳುತ್ತದೆ. ಎರಡೂ ಕಾರಣಗಳು ಕೂಡಿ ಕೆಲಸ ಮಾಡಬಲ್ಲವು.

ಇದು ಕೇವಲ ಹಳೆಯ ಕಥೆಯಲ್ಲ. ಇಂದು ಭೂಮಿ ಬಿಸಿಯಾಗುತ್ತಿದೆ; ಪಶ್ಚಿಮಘಟ್ಟದ ಆನೆಗಳ ದಾರಿಯನ್ನು ರಸ್ತೆ, ರೈಲುಹಳಿ, ಕಾಲುವೆ, ವಿದ್ಯುತ್ ಬೇಲಿಗಳು ತುಂಡರಿಸಿವೆ. ನೀರು-ಮೇವು ಬತ್ತಿದಾಗ ಬೇರೆಡೆಗೆ ಸಾಗುವುದೇ ಆನೆಗಿರುವ ಉಪಾಯ. ಘಟ್ಟದಲ್ಲಿ ಹೊಸ ಯೋಜನೆಯೊಂದಕ್ಕೆ ಅನುಮತಿ ನೀಡುವವರು ಎಷ್ಟು ಆನೆಗಳು ಸಾಯಬಹುದೆಂದು ಕೇಳಿದರೆ ಸಾಲದು. ಆ ನಷ್ಟವನ್ನು ತುಂಬಿಕೊಳ್ಳಲು ಹಿಂಡಿಗೆ ಎಷ್ಟು ವರ್ಷಗಳು ಬೇಕೆಂಬುದನ್ನೂ ಲೆಕ್ಕ ಹಾಕಬೇಕು.